ಊರಿಗೆ ಬೈಕ್‌ನಲ್ಲಿ: ಒಬ್ಬರೇ ಹೋಗೋದಾ, ಗೆಳೆಯರ ಜೊತೆ ಹೋಗೋದಾ?

ದೀಪಾವಳಿಗೆ ಇನ್ನು ಮೂರು ವಾರ ಇದೆ. ಹಿಂಜವಡಿ, ಖರಾಡಿ, ಮಗರಪಟ್ಟಾ ಕಡೆ ಕೆಲಸ ಮಾಡೋ ನಮ್ಮವರ ತಲೆಯಲ್ಲಿ ಈಗ ಓಡ್ತಿರೋದು ಎರಡೇ ಲೆಕ್ಕ. ಒಂದು, ರಜೆ ಎಷ್ಟು ದಿನ ಸಿಗುತ್ತೆ. ಇನ್ನೊಂದು, ಊರಿಗೆ ಹೋಗೋದು ಹೇಗೆ. ರೈಲು ನೋಡಿದ್ರೆ ವೇಟಿಂಗ್ ಲಿಸ್ಟ್. ಹಬ್ಬದ ವಾರ ಖಾಸಗಿ ಬಸ್ಸಿನ ಟಿಕೆಟ್ ದರ ಎಲ್ಲಿಗೆ ಏರುತ್ತೆ ಅಂತ ನಿಮಗೇ ಗೊತ್ತು. ಆಗ ಪಾರ್ಕಿಂಗ್‌ನಲ್ಲಿ ನಿಂತಿರೋ ಬೈಕ್ ಕಡೆ ಕಣ್ಣು ಹೋಗುತ್ತೆ.

ಮೊನ್ನೆ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಧಾರವಾಡದ ಹುಡುಗ. ವಾಕಡ್‌ನಲ್ಲಿ ಪಿಜಿ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ. "ಅಣ್ಣಾ, ನಮ್ಮ ಆಫೀಸಿನ ಆರು ಮಂದಿ ಕೂಡಿ ಬೈಕ್ ಮ್ಯಾಲೆ ಹೊಂಟಾರ. ನಾನೂ ಅವರ ಜೋಡಿ ಹೋಗ್ಲೋ, ಒಬ್ಬನ ಹೋಗ್ಲೋ? ಅವ್ವ ನೋಡಿದ್ರ ಒಬ್ಬನ ಬರಬ್ಯಾಡ ಅಂತಾಳ" ಅಂದ.

ತಕ್ಷಣ ಉತ್ತರ ಕೊಡೋಕೆ ನನಗೆ ಆಗಲಿಲ್ಲ. ಯಾಕಂದ್ರೆ ಈ ದಾರಿಯಲ್ಲಿ ಗೆಳೆಯರ ಜೊತೆ ಹೋಗಿ ತಪ್ಪು ಮಾಡಿದ್ದೀನಿ, ಒಬ್ಬನೇ ಹೋಗಿಯೂ ತಪ್ಪು ಮಾಡಿದ್ದೀನಿ. ಅವನಿಗೆ ಆಮೇಲೆ ಕೂತು ಹೇಳಿದ್ದನ್ನೇ ಇವತ್ತು ನಿಮಗೂ ಹೇಳ್ತೀನಿ.

ಮೊದಲು ದಾರಿ ನೋಡೋಣ

ಪುಣೆಯಿಂದ ರಾಷ್ಟ್ರೀಯ ಹೆದ್ದಾರಿ 48. ಹಳಬರು ಇನ್ನೂ ಎನ್‌ಎಚ್ 4 ಅಂತಾನೇ ಕರೀತಾರೆ. ಸಾತಾರಾ ಸುಮಾರು 110 ಕಿಲೋಮೀಟರ್, ಕೊಲ್ಹಾಪುರ 230, ಬೆಳಗಾವಿ 340, ಹುಬ್ಬಳ್ಳಿ 430ರಿಂದ 440. ಬೆಂಗಳೂರಿನವರೆಗೆ ಹೋದರೆ 840ರ ಹತ್ತಿರ. ದ್ವಿಚಕ್ರ ವಾಹನಕ್ಕೆ ಟೋಲ್ ಇಲ್ಲ, ಅದೊಂದು ಖುಷಿ.

ಮ್ಯಾಪ್‌ನಲ್ಲಿ ಇದು ನೆಟ್ಟಗಿನ ದಾರಿ. ಗಾಡಿ ಮೇಲೆ ಕೂತಾಗ ಹಾಗಿಲ್ಲ. ಸಾತಾರಾ ಕಡೆ ಹೋಗುವಾಗ ಖಂಬಾಟ್ಕಿ ಘಾಟ್ ಸಿಗುತ್ತೆ. ಸಾತಾರಾದಿಂದ ಕಾಗಲ್‌ವರೆಗೆ ಆರು ಪಥದ ಕೆಲಸ ವರ್ಷಗಟ್ಟಲೆ ನಡೆದಿದ್ದರಿಂದ ಎಲ್ಲಿ ಸರ್ವಿಸ್ ರಸ್ತೆಗೆ ಇಳಿಸ್ತಾರೆ ಅನ್ನೋದು ಹತ್ತಿರ ಹೋಗುವವರೆಗೆ ತಿಳಿಯೋದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕಬ್ಬು. ದೀಪಾವಳಿ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗುತ್ತೆ. ಕರಾಡ್, ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರ, ಈ ಪಟ್ಟಿಯಲ್ಲೆಲ್ಲ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರಾಕ್ಟರ್‌ಗಳು. ಎಷ್ಟೋ ಟ್ರೇಲರ್‌ಗಳ ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಕಬ್ಬಿನ ತುದಿಗಳು ಹೊರಗೆ ಚಾಚಿಕೊಂಡಿರ್ತವೆ. ಹಗಲಲ್ಲಿ ಅದೊಂದು ನಿಧಾನದ ಗಾಡಿ, ಅಷ್ಟೇ. ಕತ್ತಲಲ್ಲಿ ಅದು ರಸ್ತೆ ಮಧ್ಯೆ ನಿಂತ ಗೋಡೆ.

ಐದು ಜನ ಹೋದ ಕಥೆ

ಕೆಲವು ವರ್ಷಗಳ ಹಿಂದೆ ಇದೇ ಹಬ್ಬಕ್ಕೆ ನಾವು ಐದು ಜನ, ಐದು ಬೈಕ್. ಬೆಳಗ್ಗೆ ಐದೂವರೆಗೆ ಹೊರಡೋಣ ಅಂದುಕೊಂಡಿದ್ದು. ಒಬ್ಬ ಬ್ಯಾಗ್ ಕಟ್ಟಿರಲಿಲ್ಲ, ಇನ್ನೊಬ್ಬ ಪೆಟ್ರೋಲ್ ಹಾಕಿಸಿರಲಿಲ್ಲ. ಪುಣೆ ಬಿಟ್ಟಾಗ ಎಂಟೂವರೆ. ಮುಂದೆ ನಾನು. ದಾರಿ ನನಗೆ ಗೊತ್ತು ಅಂತ ನಾನೇ ಮುಂದಾಳು ಆಗಿದ್ದೆ, ಯಾರೂ ಆರಿಸಿದ್ದಲ್ಲ.

ಕೊನೆಯ ಬೈಕ್‌ನಲ್ಲಿ ಇದ್ದವನಿಗೆ ಹಿಂದಿನ ರಾತ್ರಿ ಪ್ರೊಡಕ್ಷನ್ ರಿಲೀಸ್ ಇತ್ತು. ಮಲಗಿದ್ದು ಮೂರು ಗಂಟೆ ಮಾತ್ರ. ಅದನ್ನ ಅವನು ನಮಗೆ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಚಹಾಕ್ಕೆ ಒಮ್ಮೆ, ಫೋಟೋಕ್ಕೆ ಒಮ್ಮೆ, ಒಬ್ಬನ ಚೈನ್ ಸಡಿಲಾಗಿದ್ದಕ್ಕೆ ಒಮ್ಮೆ ಅಂತ ನಿಂತು ನಿಂತು ನಿಪ್ಪಾಣಿ ಬಂದಾಗ ಸಂಜೆ ಐದೂವರೆ ದಾಟಿತ್ತು. "ಇನ್ನೇನು ಬೆಳಗಾವಿ ಬಂತು" ಅಂತ ನಾನು ವೇಗ ಹೆಚ್ಚಿಸಿದೆ.

ಹತ್ತರಗಿ ಟೋಲ್ ಹತ್ತಿರ ನಿಂತು ಎಣಿಸಿದರೆ ನಾಲ್ಕೇ ಜನ. "ಎಲ್ಲೋ ಚಹಾಕ್ಕೆ ನಿಂತಿರ್ತಾನೆ" ಅಂತ ಇಪ್ಪತ್ತೈದು ನಿಮಿಷ ಕಾದಿದ್ದೀವಿ. ಗೊತ್ತಾಗಿದ್ದು ಅವನ ನಂಬರಿನಿಂದಲೇ ಬಂದ ಫೋನ್‌ನಿಂದ. ಮಾತಾಡಿದ್ದು ಅವನಲ್ಲ, ರಸ್ತೆ ಬದಿ ಹೊಲದ ಒಬ್ಬ ರೈತ. ಕಬ್ಬಿನ ಟ್ರೇಲರ್ ಕೊನೇ ಗಳಿಗೆಯಲ್ಲಿ ಕಂಡು, ಬ್ರೇಕ್ ಹಿಡಿದು, ಜಾರಿ ಬಿದ್ದಿದ್ದ. ಆ ರೈತ ಅವನನ್ನ ಹೊರಸಿನ ಮೇಲೆ ಮಲಗಿಸಿ, ಅವನದೇ ಹೆಬ್ಬೆರಳು ಒತ್ತಿ ಫೋನ್ ತೆಗೆದು ನಮಗೆ ಹಚ್ಚಿದ್ದರು.

ಕಾಲರ್ ಬೋನ್ ಮುರಿದಿತ್ತು, ಅಷ್ಟಕ್ಕೇ ಮುಗೀತು. ಆಸ್ಪತ್ರೆಯಲ್ಲಿ ಅವನು ಹೇಳಿದ ಮಾತು ಮಾತ್ರ ನನಗೆ ಮರೆಯೋಕೆ ಆಗಿಲ್ಲ. "ಕರಾಡ್‌ನಾಗ ಕಣ್ಣು ಕೂಡಾಕತ್ತಿದ್ವು. ನಿಲ್ಲಸ್ರಿ ಅನ್ನಾಕ ನಾಚಿಕಿ ಆತು."

ಗುಂಪಿನಲ್ಲಿ ಏನಾಗುತ್ತೆ

ಇದನ್ನ ಅವನ ತಪ್ಪು ಅಂತ ನೋಡಬೇಡಿ. ಗುಂಪು ಕೆಲಸ ಮಾಡೋದೇ ಹೀಗೆ. ಸ್ವಲ್ಪ ಲೆಕ್ಕ ಹಾಕೋಣ, ನಮಗೆಲ್ಲ ಲೆಕ್ಕ ಇಷ್ಟ ಅಲ್ವಾ.

ಗಂಟೆಗೆ 80 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 22 ಮೀಟರ್. ಇಬ್ಬರ ನಡುವೆ ಮೂರು ಸೆಕೆಂಡ್ ಅಂತರ ಇಟ್ಟರೆ 66 ಮೀಟರ್. ಐದು ಜನ ಅಂದ್ರೆ ನಾಲ್ಕು ಅಂತರ, ಮೊದಲಿನವನಿಂದ ಕೊನೆಯವನವರೆಗೆ ಹತ್ತಿರ ಹತ್ತಿರ 265 ಮೀಟರ್. ನಡುವೆ ಎರಡು ಲಾರಿ ಬಂದರೆ ಕನ್ನಡಿಯಲ್ಲಿ ಕೊನೆಯವನು ಕಾಣೋದೇ ಇಲ್ಲ. "ನಾವೆಲ್ಲ ಒಟ್ಟಿಗೆ ಇದ್ದೀವಿ" ಅನ್ನೋದು ಮುಂದಿನವನ ನಂಬಿಕೆ ಮಾತ್ರ.

ಈಗ ಕೊನೆಯವನು ಒಂದು ಲಾರಿ ಹಿಂದೆ ಸಿಕ್ಕಿ ಒಂದೇ ಒಂದು ನಿಮಿಷ ತಡ ಆದ ಅಂದುಕೊಳ್ಳಿ. ಮುಂದಿನವರು 80ರಲ್ಲಿ ಹೋಗ್ತಿದ್ದರೆ ಅವನು 1.3 ಕಿಲೋಮೀಟರ್ ಹಿಂದೆ ಬಿದ್ದ. ಮತ್ತೆ ಸೇರಿಕೊಳ್ಳೋಕೆ ಅವನು 90ರಲ್ಲಿ ಎಂಟು ನಿಮಿಷ, 12 ಕಿಲೋಮೀಟರ್ ಓಡಿಸಬೇಕು. ಅಷ್ಟರಲ್ಲಿ ಇನ್ನೊಂದು ಲಾರಿ ಬರುತ್ತೆ. ಅಂದ್ರೆ ಮುಂದಾಳು "ನಾನು 80 ದಾಟಲೇ ಇಲ್ಲ" ಅಂತ ನಿಜವೇ ಹೇಳ್ತಾನೆ, ಹಿಂದಿನವನು ಮಾತ್ರ ದಿನವಿಡೀ 90, 100ರಲ್ಲಿ ಓಡಿಸಿರ್ತಾನೆ. ಸಾಮಾನ್ಯವಾಗಿ ಹಿಂದೆ ಇರೋನು ಯಾರು? ಹೊಸಬ, ಇಲ್ಲಾ ಸುಸ್ತಾದವನು, ಇಲ್ಲಾ ಚಿಕ್ಕ ಬೈಕಿನವನು. ಯಾರು ನಿಧಾನ ಹೋಗಬೇಕೋ ಅವರೇ ಜೋರಾಗಿ ಹೋಗಬೇಕಾಗುತ್ತೆ.

ಇನ್ನೊಂದು, ಸಮಯ. ಒಬ್ಬರೇ ಹೋದರೆ ನಿಲ್ಲೋದು ನಿಮ್ಮ ಒಂದು ಹೊಟ್ಟೆಗೆ, ನಿಮ್ಮ ಒಂದು ಟ್ಯಾಂಕಿಗೆ. ಐದು ಜನ ಆದ್ರೆ ಐದು ಹೊಟ್ಟೆ, ಐದು ಟ್ಯಾಂಕು, ಐದು ಫೋನು. ಹದಿನೈದು ನಿಮಿಷದ ಚಹಾ ಅರ್ಧ ಗಂಟೆ ಆಗುತ್ತೆ. ನಾಲ್ಕು ಸಲ ನಿಂತರೆ ಒಂದು ಗಂಟೆ ಹೋಯ್ತು, ಹೊರಡೋದು ತಡ ಆಗಿದ್ದು ಬೇರೆ. ಹೀಗೆ ಹಗಲಲ್ಲಿ ಮುಗಿಯಬೇಕಾದ ದಾರಿ ಕತ್ತಲಿಗೆ ಹೋಗುತ್ತೆ.

ಮೂರನೆಯದು ನಾಚಿಕೆ. ನಮಗೆ ಇದು ಆಫೀಸಿನಲ್ಲೇ ಗೊತ್ತಿರೋ ಕಾಯಿಲೆ. ಸ್ಟ್ಯಾಂಡ್-ಅಪ್ ಮೀಟಿಂಗ್‌ನಲ್ಲಿ ಎಲ್ಲರೂ "ಆಲ್ ಗುಡ್" ಅಂದ ಮೇಲೆ ನಾನೊಬ್ಬನೇ "ಬ್ಲಾಕರ್ ಇದೆ" ಅನ್ನೋದು ಎಷ್ಟು ಕಷ್ಟ! ಅಲ್ಲಿ ಸುಮ್ಮನಿದ್ದರೆ ಡೆಡ್‌ಲೈನ್ ತಪ್ಪುತ್ತೆ. ಹೆದ್ದಾರಿಯಲ್ಲಿ ಸುಮ್ಮನಿದ್ದರೆ ಪ್ರಾಣಕ್ಕೇ ಬರುತ್ತೆ. ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇಕಡಾ 44.5 ದ್ವಿಚಕ್ರ ವಾಹನದಲ್ಲಿದ್ದವರು.

ಹಾಗಾದ್ರೆ ಒಬ್ಬನೇ ಹೋಗೋದು ಒಳ್ಳೇದಾ?

ನಾನೂ ಹಾಗೇ ಅಂದುಕೊಂಡೆ. ಆಮೇಲೆ ಎರಡು ವರ್ಷ ಒಬ್ಬನೇ ಓಡಾಡಿದೆ. ನಿಜ ಹೇಳಬೇಕಂದ್ರೆ ಅದರ ಸುಖವೇ ಬೇರೆ. ಬೆಳಗ್ಗೆ ಐದೂವರೆ ಅಂದ್ರೆ ಐದೂವರೆ. ಮನಸ್ಸು ಬಂದಲ್ಲಿ ನಿಲ್ಲು, ಬೇಡ ಅಂದ್ರೆ ಹೋಗು. ಮಧ್ಯಾಹ್ನ ಮೂರು ನಾಲ್ಕಕ್ಕೆ ಹುಬ್ಬಳ್ಳಿ.

ಒಂದು ಜನವರಿ. ಹುಬ್ಬಳ್ಳಿಯಿಂದ ವಾಪಸ್ ಬರ್ತಿದ್ದೆ. ಕೊಲ್ಹಾಪುರದಲ್ಲಿ ಹೊಟ್ಟೆ ತುಂಬ ಊಟ. ಕರಾಡ್‌ಗೆ ಇನ್ನೂ ಸ್ವಲ್ಪ ದೂರ, ಮಧ್ಯಾಹ್ನ ಎರಡೂವರೆ ಇರಬೇಕು. ಬಿಸಿಲು, ನೆಟ್ಟಗಿನ ರಸ್ತೆ, ಹೆಲ್ಮೆಟ್ ಒಳಗೆ ಒಂದೇ ಸಮ ಗಾಳಿಯ ಸದ್ದು. ಮುಂದೆ ನೆನಪಿರೋದು ಟೈರ್ ಕೆಳಗೆ ಮಣ್ಣಿನ ಸದ್ದು. ರಸ್ತೆ ಬಿಟ್ಟು ಅಂಚಿಗೆ ಇಳಿದಿದ್ದೆ. ಎರಡು ಮೂರು ಸೆಕೆಂಡ್ ನಿದ್ದೆ ಬಂದಿತ್ತು. 80ರ ವೇಗದಲ್ಲಿ ಮೂರು ಸೆಕೆಂಡ್ ಅಂದ್ರೆ ಆಗಲೇ ನೋಡಿದ್ವಿ, 66 ಮೀಟರ್. ಅಷ್ಟು ದೂರ ಬೈಕ್ ತಾನೇ ಹೋಗಿತ್ತು.

ಗಾಡಿ ನಿಲ್ಲಿಸಿ ಕೂತಾಗ ಇನ್ನೊಂದು ವಿಷಯ ಹೊಳೆಯಿತು. ನಾನು ಬೆಳಗ್ಗೆ ಅಮ್ಮನಿಗೆ "ರಾತ್ರಿ ಫೋನ್ ಮಾಡ್ತೀನಿ" ಅಂತ ಹೇಳಿ ಹೊರಟಿದ್ದೆ. ಅಂದ್ರೆ ನಾನು ಹೊಲದೊಳಗೆ ಬಿದ್ದಿದ್ದರೆ ನನ್ನನ್ನ ಹುಡುಕೋಕೆ ಶುರು ಮಾಡೋದು ರಾತ್ರಿ ಒಂಬತ್ತರ ಮೇಲೆ. ನಾಲ್ಕು ಬೈಕ್‌ನವರು ಟೋಲ್ ಹತ್ತಿರ ಇಪ್ಪತ್ತೈದು ನಿಮಿಷ ಕಾದಿದ್ದಕ್ಕೆ ನನ್ನನ್ನ ನಾನು ಬೈದುಕೊಂಡಿದ್ದೆ. ಇಲ್ಲಿ ಆರು ಗಂಟೆ ಯಾರಿಗೂ ಗೊತ್ತಾಗ್ತಿರಲಿಲ್ಲ.

ಕೇಳಬೇಕಾದ ಪ್ರಶ್ನೆ

ಆದ್ದರಿಂದ "ಒಬ್ಬರಾ, ಗೆಳೆಯರಾ" ಅನ್ನೋ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳೋಣ. ಜನ ಇದನ್ನ ಸ್ವಭಾವದ ಪ್ರಶ್ನೆ ಮಾಡ್ತಾರೆ. ನೀನು ಒಂಟಿಯಾಗಿ ಇರೋ ಥರದವನಾ, ಎಲ್ಲರ ಜೊತೆ ಬೆರೆಯೋನಾ ಅಂತ. ಅದು ಮುಖ್ಯ ಅಲ್ಲ. ಹುಬ್ಬಳ್ಳಿಯವರೇ ಆದ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಸಿಡ್ನಿ ಕಡೆಗೆ ಬೈಕ್‌ನಲ್ಲಿ ಒಬ್ಬರೇ ಹೊರಟರು. ಅಷ್ಟು ದೂರದ ಪ್ರಯಾಣ ಬರೀ ಧೈರ್ಯದಿಂದ ಆಗೋದಿಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ನಿಲ್ಲಬೇಕು ಅನ್ನೋದನ್ನ ದಿನಾ ತಾವೇ ತೀರ್ಮಾನ ಮಾಡಬೇಕು.

ನನ್ನ ಪ್ರಕಾರ ಕೇಳಬೇಕಾದ್ದು ಎರಡೇ. ಈ ಪ್ರಯಾಣದಲ್ಲಿ "ಸಾಕು, ನಿಲ್ಲಿಸೋಣ" ಅಂತ ನಾನು ಅಂದ್ರೆ ಗಾಡಿ ನಿಲ್ಲುತ್ತಾ? ಮತ್ತೆ, ನಾನು ಬಿದ್ದರೆ ಎಷ್ಟು ನಿಮಿಷದಲ್ಲಿ ಯಾರಿಗೆ ಗೊತ್ತಾಗುತ್ತೆ?

ಮೊದಲನೇ ಪ್ರಶ್ನೆಗೆ ಗುಂಪಿನಲ್ಲಿ ಉತ್ತರ ಸಿಗೋದು ಕಷ್ಟ. ಎರಡನೆಯದಕ್ಕೆ ಒಬ್ಬರೇ ಹೋದಾಗ ಕಷ್ಟ. ಯಾವ ಕಡೆ ಹೋಗೋದಾದ್ರೂ ಆ ಕಡೆಯ ತೂತನ್ನ ಮುಚ್ಚಿಕೊಂಡು ಹೊರಡಬೇಕು.

ಗೆಳೆಯರ ಜೊತೆ ಹೊರಟರೆ

ಒಂದು. ಹಿಂದಿನ ರಾತ್ರಿ ಎಲ್ಲರೂ ಎಷ್ಟು ಹೊತ್ತು ಮಲಗಿದ್ರು ಅಂತ ಬೆಳಗ್ಗೆ ಬಾಯಿಬಿಟ್ಟು ಕೇಳಿ. ಮೊದಲು ನಿಮ್ಮದನ್ನ ನೀವೇ ಹೇಳಿ, ಆಗ ಬೇರೆಯವರಿಗೂ ಹೇಳೋಕೆ ಸಲೀಸು.

ಎರಡು. ಎಲ್ಲರಿಗಿಂತ ಹೊಸಬನನ್ನ, ಚಿಕ್ಕ ಬೈಕಿನವನನ್ನ ಮುಂದಾಳುವಿನ ಹಿಂದೆ ಎರಡನೆಯವನಾಗಿ ಇಡಿ. ಅನುಭವ ಇರೋನು ಕೊನೆಗೆ ಬರಲಿ. ಗುಂಪಿನ ವೇಗ ಅಂದ್ರೆ ಆ ಎರಡನೆಯವನ ವೇಗ.

ಮೂರು. ಪ್ರತಿಯೊಬ್ಬನೂ ತನ್ನ ಹಿಂದಿನವನಿಗೆ ಜವಾಬ್ದಾರ. ಕನ್ನಡಿಯಲ್ಲಿ ಅವನ ಹೆಡ್‌ಲೈಟ್ ಎರಡು ಮೂರು ನಿಮಿಷ ಕಾಣಲಿಲ್ಲ ಅಂದ್ರೆ ವೇಗ ಇಳಿಸಿ, ಸುರಕ್ಷಿತ ಜಾಗದಲ್ಲಿ ಬದಿಗೆ ನಿಲ್ಲಿ. ಆಗ ನಿಮ್ಮ ಮುಂದಿನವನಿಗೆ ನೀವು ಕಾಣೋದಿಲ್ಲ, ಅವನೂ ನಿಲ್ತಾನೆ. ಹೀಗೆ ಸಾಲು ಪೂರ್ತಿ ತಾನಾಗೇ ನಿಲ್ಲುತ್ತೆ. ಯಾರೂ ಓಡಿ ಬಂದು ಸೇರಬೇಕಾಗಿಲ್ಲ. ಅವತ್ತು ನಮಗೆ ಇದೊಂದು ಗೊತ್ತಿದ್ದರೆ ಸಾಕಿತ್ತು.

ನಾಲ್ಕು. "ನಿಲ್ಲಿಸು" ಅಂದವನಿಗೆ ಕಾರಣ ಕೇಳಬಾರದು, ನಗಬಾರದು. ಇದನ್ನ ಹೊರಡೋ ಮೊದಲೇ ಮಾತಾಡಿಕೊಳ್ಳಿ. ಇದಕ್ಕೆ ಒಪ್ಪದವರು ಗೆಳೆಯರೇ ಇರಬಹುದು, ದಾರಿಗೆ ಜೊತೆಯಾಗೋರಲ್ಲ.

ಐದು. ಎರಡು ಅಥವಾ ಮೂರು ಬೈಕ್ ಸಾಕು. ಅದಕ್ಕಿಂತ ಹೆಚ್ಚಾದ್ರೆ ಜೋಡಿ ಜೋಡಿಯಾಗಿ ಬೇರೆ ಬೇರೆ ಹೊರಟು, ಊಟಕ್ಕೆ ಒಂದು ಕಡೆ ಸೇರಿ.

ಒಬ್ಬರೇ ಹೊರಟರೆ

ಮನೆಯಲ್ಲಿ ಒಬ್ಬರನ್ನ "ಕಾಯೋರು" ಅಂತ ಗೊತ್ತು ಮಾಡಿ. ಸಾತಾರಾ, ಕೊಲ್ಹಾಪುರ, ಬೆಳಗಾವಿ, ಈ ಮೂರು ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿ ಅವರಿಗೆ ಫೋನ್. ಪ್ರತಿ ಊರಿಗೂ ಅಂದಾಜು ಹೊತ್ತು ಬರೆದು ಕೊಡಿ. ಅದಕ್ಕಿಂತ ಮುಕ್ಕಾಲು ಗಂಟೆ ತಡವಾದ್ರೆ ಅವರೇ ಫೋನ್ ಮಾಡಬೇಕು. ಎರಡು ಸಲ ಮಾಡಿದ್ರೂ ನೀವು ಎತ್ತದಿದ್ರೆ 112ಕ್ಕೆ ಹೇಳಬೇಕು. "ಜಾಸ್ತಿ ಆಯ್ತು" ಅನ್ನಿಸಬಹುದು. ಆದ್ರೆ ಆ ಆರು ಗಂಟೆಯನ್ನ ಕಡಿಮೆ ಮಾಡೋದು ಇದೇ.

ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ ಹಾಕಿದ್ದೀನಿ ಅಂತ ನಿಶ್ಚಿಂತೆ ಬೇಡ. ಅದು ಒಂದು ಸಲಕ್ಕೆ ಹೆಚ್ಚೆಂದರೆ 8 ಗಂಟೆ. ಹುಬ್ಬಳ್ಳಿಗೆ ಒಂಬತ್ತು ಹತ್ತು ಗಂಟೆ ಬೇಕು. ಅಂದ್ರೆ ನೀವು ಎಲ್ಲರಿಗಿಂತ ಸುಸ್ತಾಗಿರೋ ಹೊತ್ತಿಗೇ ಅದು ಆಫ್ ಆಗಿರುತ್ತೆ. ಕೊಲ್ಹಾಪುರದಲ್ಲಿ ಮತ್ತೆ ಹಾಕಿ. ಫೋನ್ ಲಾಕ್ ಆಗಿದ್ರೂ ಕಾಣೋ ಹಾಗೆ ತುರ್ತು ನಂಬರ್ ಮತ್ತು ರಕ್ತದ ಗುಂಪು ಹಾಕಿಡಿ. ಅದೇ ವಿವರ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲೂ ಇರಲಿ. ಎಲ್ಲ ಸಲ ಹೆಬ್ಬೆರಳು ಒತ್ತೋ ರೈತ ಸಿಗೋದಿಲ್ಲ.

ನಿದ್ದೆಗೆ ಶೌರ್ಯ ತೋರಿಸಬೇಡಿ. ಮಧ್ಯಾಹ್ನ ಎರಡರಿಂದ ನಾಲ್ಕು ಮೈ ತಾನೇ ಇಳಿಯೋ ಹೊತ್ತು. ಊಟ ಅರ್ಧ ಮಾಡಿ. ಒಂದು ಕಾಫಿ ಕುಡಿದು, ಢಾಬಾದಲ್ಲೇ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಹಾಡು, ತಣ್ಣೀರು, ಚೂಯಿಂಗ್ ಗಮ್ ಯಾವುದೂ ನಿದ್ದೆಗೆ ಬದಲಿ ಅಲ್ಲ.

ಇಬ್ಬರಿಗೂ ಗೊತ್ತಿರಬೇಕಾದದ್ದು

112 ಎರಡೂ ರಾಜ್ಯದಲ್ಲಿ ನಡೆಯುತ್ತೆ, ಆಂಬುಲೆನ್ಸ್‌ಗೆ 108 ಕೂಡ ಎರಡೂ ಕಡೆ ಇದೆ. ಹೆದ್ದಾರಿ ಸಹಾಯಕ್ಕೆ 1033. ಫೋನ್ ಮಾಡಿದಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದ್ರೆ ಬೇಗ ಹುಡುಕ್ತಾರೆ. ಬೇರೆ ಯಾರೋ ಬಿದ್ದಿದ್ದು ಕಂಡರೆ ಪೊಲೀಸ್ ರಗಳೆ ಅಂತ ಹೆದರಿ ಮುಂದೆ ಹೋಗಬೇಡಿ. 2016ರಲ್ಲಿ ಸುಪ್ರೀಂ ಕೋರ್ಟ್, ಆಮೇಲೆ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ, ಎರಡೂ ನೆರವಾದವರಿಗೆ ರಕ್ಷಣೆ ಕೊಟ್ಟಿವೆ. 2025ರ ಮೇ ತಿಂಗಳಿಂದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಕೈಯಿಂದ ದುಡ್ಡು ಕಟ್ಟದೆ ಚಿಕಿತ್ಸೆ ಕೊಡೋ ಕೇಂದ್ರದ ಯೋಜನೆಯೂ ಇದೆ.

ವಾಪಸ್ ಬರೋರು ಇನ್ನೊಂದು ನೆನಪಿಡಿ. ಕಾತ್ರಜ್‌ನ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆವರೆಗೆ ಇಳಿಜಾರು. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದು ಭಾರಿ ವಾಹನ ಹಿಡಿತ ತಪ್ಪಿ ನಲವತ್ತಕ್ಕೂ ಹೆಚ್ಚು ವಾಹನ ಜಖಂ ಆಗಿದ್ದವು. "ಮನೆ ಬಂತು" ಅಂತ ಮೈ ಸಡಿಲ ಬಿಡೋದು ಅಲ್ಲೇ. ಲಾರಿಗಳ ಮುಂದೆ ನಿಧಾನ ಆಗಬೇಡಿ, ಎಡಗಡೆ ಜಾಗ ನೋಡ್ಕೊಂಡು ಇರಿ.

ಹಾಗಾದ್ರೆ ಯಾವುದು?

ಗೊತ್ತಿರೋ ದಾರಿ, ಹಗಲು, ಮಳೆ ಇಲ್ಲ, ಬೆಳಗಾವಿ ಹುಬ್ಬಳ್ಳಿವರೆಗೆ: ಒಬ್ಬರೇ ಹೋಗಬಹುದು, ಕಾಯೋರು ಇದ್ದರೆ. ಬೆಂಗಳೂರಿನವರೆಗೆ ಅಂದ್ರೆ ಒಬ್ಬರಾಗಲಿ ಹತ್ತು ಜನರಾಗಲಿ, ಒಂದೇ ದಿನದಲ್ಲಿ ಬೇಡ, ಹುಬ್ಬಳ್ಳಿ ಧಾರವಾಡದಲ್ಲಿ ರಾತ್ರಿ ನಿಲ್ಲಿ. ಗೊತ್ತಿಲ್ಲದ ಘಾಟ್, ಕಾಡು ದಾರಿ ಆದ್ರೆ ಇಬ್ಬರು ಮೂವರು. ಲೇಹ್ ಕನಸು ಇರೋರಿಗೆ ಜೊತೆ ಬೇಕೇ ಬೇಕು. 17 ಸಾವಿರ ಅಡಿ ಮೀರಿದ ಕಣಿವೆಗಳಲ್ಲಿ ಆಮ್ಲಜನಕ ಕಡಿಮೆ ಆದಾಗ ತಲೆ ಮಂಕಾಗುತ್ತೆ, ಮಂಕಾಗಿದೆ ಅನ್ನೋದು ಮಂಕಾದವನಿಗೇ ತಿಳಿಯೋದಿಲ್ಲ. ಪಕ್ಕದವನು ನೋಡಿ ಹೇಳಬೇಕು. ಮಳೆಗಾಲದಲ್ಲಿ ಕೊಲ್ಹಾಪುರ ಹತ್ತಿರ ಪಂಚಗಂಗಾ ಹೆದ್ದಾರಿಗೆ ಬಂದರೆ, 2019ರಲ್ಲಿ, 2021ರಲ್ಲಿ ಬಂದ ಹಾಗೆ, ಆಗ ಯಾರ ಜೊತೆಯೂ ಬೇಡ.

"ಈ ಸಲ ಬೈಕ್ ಬೇಡ" ಅನ್ನೋದೂ ಒಂದು ಉತ್ತರವೇ. 2024ರ ಸೆಪ್ಟೆಂಬರ್‌ನಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಇದೆ, ಸ್ವಾರ್‌ಗೇಟ್‌ನಿಂದ ನಮ್ಮ ಸರ್ಕಾರಿ ಬಸ್ಸುಗಳಿವೆ. ಹಿಂದಿನ ರಾತ್ರಿ ರಿಲೀಸ್ ಇದ್ದರೆ ಬಸ್ಸಿನಲ್ಲಿ ಮಲಗಿಕೊಂಡು ಹೋಗೋದರಲ್ಲಿ ಯಾವ ಅವಮಾನವೂ ಇಲ್ಲ.

ಚಿಕ್ಕಮ್ಮನ ಮಗನಿಗೆ ಇಷ್ಟೂ ಹೇಳಿ, "ಹೋಗಿ ಆ ಆರು ಜನರನ್ನ ಕೇಳು. ನಾನು ರಾತ್ರಿ ಗಾಡಿ ಓಡಿಸಲ್ಲ, ಒಂದೂವರೆ ಗಂಟೆಗೊಮ್ಮೆ ನಿಲ್ತೀನಿ, ನಡೀತದಾ ಅಂತ" ಅಂದೆ. ಅವರು ಶುಕ್ರವಾರ ಶಿಫ್ಟ್ ಮುಗಿಸಿ ರಾತ್ರಿಯೇ ಬಿಡೋ ಲೆಕ್ಕದಲ್ಲಿದ್ದರಂತೆ. "ಒಬ್ಬನ ಸಲುವಾಗಿ ಪ್ಲಾನ್ ಬದಲಿ ಮಾಡೂದಿಲ್ಲ" ಅಂದರಂತೆ. ಸ್ವಲ್ಪ ಹೊತ್ತಾದ ಮೇಲೆ ಅವರಲ್ಲೇ ಒಬ್ಬ, ಗದಗದ ಹುಡುಗ, ಕ್ಯಾಂಟೀನ್‌ನಲ್ಲಿ ಇವನ ಹತ್ತಿರ ಬಂದು ಮೆಲ್ಲಗೆ ಹೇಳಿದನಂತೆ. "ನನಗೂ ರಾತ್ರಿ ಹೋಗಾಕ ಮನಸ್ಸಿರಲಿಲ್ಲ. ಹೇಳಾಕ ಆಗಿರಲಿಲ್ಲ ಅಷ್ಟ."

ಈಗ ಅವರಿಬ್ಬರು ಶನಿವಾರ ಬೆಳಗ್ಗೆ ಐದೂವರೆಗೆ ಹೊರಡ್ತಾರೆ. ಕಾಯೋ ಕೆಲಸ ಚಿಕ್ಕಮ್ಮನದು. ಅವರ ಕೈಯಲ್ಲಿ ಸಾತಾರಾ, ಕೊಲ್ಹಾಪುರ, ಬೆಳಗಾವಿ ಅಂತ ಬರೆದ ಚೀಟಿ ಈಗಾಗಲೇ ಇದೆ.

ನೀವೂ ಹೊರಡೋ ಮುಂಚೆ ನಿಮ್ಮ ಗೆಳೆಯರನ್ನ ಒಮ್ಮೆ ಕೇಳಿ ನೋಡಿ. ಹಬ್ಬ ಚೆನ್ನಾಗಿ ಆಗಲಿ. ಊರು ಮುಟ್ಟಿದ ತಕ್ಷಣ ಒಂದು ಫೋನ್ ಮಾಡೋದು ಮರೀಬೇಡಿ.